ಬಹುಜನರ ಸಹಾಯದಿಂದ ಸಂಶೋಧನೆ ಮತ್ತು ಅಂಕಿ-ಅಂಶಗಳ ಸಂಗ್ರಹಣೆ

(ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿದಿರಬೇಕಾದ ಕೆಲವು ಸಂಗತಿಗಳು)

ನಾಟಿ, ಕಳೆ, ಕೊಯ್ಲು, ಒಕ್ಕಣೆ ಮುಂತಾದ ಕೆಲಸಗಳು ಕಾಲ ಮೀರದಂತೆ ನಡೆಯಬೇಕಾದುವು. ಒಂದು ಮನೆಯವರ ಕೈಯಿಂದ ಸಕಾಲದಲ್ಲಿ ಮುಗಿಯದ ಕೆಲಸವನ್ನು ಹತ್ತು ಮನೆಯವರು ಮುಯ್ಯಾಳುಗಳಾಗಿ ಬಂದು ಒಂದೇ ದಿನದಲ್ಲಿ ಮುಗಿಸುವ ಪದ್ಧತಿಯು ನಮ್ಮ ಹಳ್ಳಿಗಳಲ್ಲಿ ಬಹು ಕಾಲದಿಂದಲೂ ಬಳಕೆಯಲ್ಲಿರುವುದು ಸರ್ವರಿಗೂ ತಿಳಿದ ವಿಷಯವೇ ಆಗಿದೆ. "ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ" ಎಂಬ ಗಾದೆಯ ತಾತ್ಪರ್ಯವೂ ಇದೇ. ಈ ತತ್ತ್ವವನ್ನೇ ಶಾಸ್ತ್ರೀಯ ಸಂಶೋಧನೆಗೂ, ಅಂಕಿ-ಅಂಶಗಳನ್ನು ಕೂಡಿಸುವ ಕೆಲಸಕ್ಕೂ ಅನ್ವಯಿಸುವ ಒಂದು ಕ್ರಮವು ಸುಮಾರು ಇಪ್ಪತ್ತು ವರ್ಷಗಳಿಂದೀಚೆಗೆ ಪ್ರಪಂಚದ ನಾನಾ ದೇಶಗಳಲ್ಲಿ ಬೆಳೆದುಬಂದಿದೆ. ಒಬ್ಬಿಬ್ಬರು ಪಂಡಿತರಿಂದ ಮುಗಿಯದ ದೊಡ್ಡ ಕೆಲಸವನ್ನು ಸಣ್ಣ ಸಣ್ಣ ತುಂಡುಗಳಾಗಿ ಮಾಡಿ, ಅಂತರ್ಜಾಲದ ಮೂಲಕ ಸಾವಿರಾರು ಜನ ಸಾಮಾನ್ಯರಿಗೆ ಹಂಚಿ, ಅವರ ಉತ್ತರಗಳನ್ನು ಒಂದುಗೂಡಿಸಿ ಫಲಿತಾಂಶವನ್ನು ಕಂಡುಕೊಳ್ಳುವುದೇ ಈ ಕ್ರಮವು. ಇದಕ್ಕೆ ಕ್ರೌಡ್‌ಸೋರ್ಸಿಂಗ್ ಎಂಬ ಹೆಸರನ್ನು 2006ರಲ್ಲಿ ಜೆಫ್ ಹೌ ಎಂಬ ಅಮೆರಿಕದ ಲೇಖಕನು ಒಂದು ಪತ್ರಿಕೆಯಲ್ಲಿ ಪ್ರಚಾರಕ್ಕೆ ತಂದನು.

ಇದು ಪಟ್ಟಣದ ವಿದ್ಯಾವಂತರಿಗೆ ಮಾತ್ರ ಸೇರಿದ ವಿಷಯವೆಂದು ಭಾವಿಸತಕ್ಕದ್ದಲ್ಲ. ಕೈಯಲ್ಲಿ ಮೊಬೈಲ್ ಹಿಡಿದು ಹೊಲದ ಬದುವಿನ ಮೇಲೆ ನಿಂತು ಬೆಳೆಯ ಚಿತ್ರವನ್ನು ತೆಗೆದು ಕಳುಹಿಸುವ ರೈತನೂ ಈ ಕೆಲಸದಲ್ಲಿಯೇ ಭಾಗಿಯಾಗಿರುತ್ತಾನೆ. ಅವನು ಕಳುಹಿಸಿದ್ದು ನಿಜವಾಗಿದ್ದರೆ ಅದರ ಲಾಭವು ಊರಿಗೆಲ್ಲಾ ಬರುವುದು. ಸುಳ್ಳಾಗಿದ್ದರೆ ನಷ್ಟವೂ ಊರಿಗೆಲ್ಲಾ ಬರುವುದು. ಆದುದರಿಂದ ಈ ಕ್ರಮವು ಹೇಗೆ ನಡೆಯುತ್ತದೆ, ಎಲ್ಲಿ ನಂಬಬಹುದು, ಎಲ್ಲಿ ನಂಬಕೂಡದು ಎಂಬುದನ್ನು ಗ್ರಾಮದ ಹಿರಿಯರು ಅರಿತಿರುವುದು ಅವಶ್ಯವಾಗಿದೆ.

ಎತ್ತಿನ ತೂಕದ ಕಥೆ

ಹಲವರ ಅಂದಾಜನ್ನು ಕೂಡಿಸಿದರೆ ಸತ್ಯಕ್ಕೆ ಹತ್ತಿರವಾದ ಉತ್ತರವು ದೊರೆಯಬಹುದೆಂಬುದು ಒಂದು ದನಗಳ ಪ್ರದರ್ಶನದಲ್ಲಿ ತಿಳಿದುಬಂದಿತು. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್ ನಗರದಲ್ಲಿ ನಡೆದ ಪ್ರದರ್ಶನದಲ್ಲಿ ಒಂದು ಕೊಬ್ಬಿದ ಎತ್ತನ್ನು ನಿಲ್ಲಿಸಿ, ಅದನ್ನು ಕಡಿದು ಹಸನು ಮಾಡಿದ ಮೇಲೆ ಮಾಂಸವು ಎಷ್ಟು ತೂಗುವುದೆಂದು ಊಹಿಸುವ ಪಂದ್ಯವನ್ನು ಇಟ್ಟಿದ್ದರು. ಪಂದ್ಯಕ್ಕೆ ಸೇರುವವರು ಆರು ಪೆನ್ನಿ ಕೊಟ್ಟು ಒಂದು ಚೀಟಿಯನ್ನು ಕೊಂಡು ಅದರಲ್ಲಿ ತಮ್ಮ ಅಂದಾಜನ್ನು ಬರೆಯಬೇಕಾಗಿದ್ದಿತು. ಅವರಲ್ಲಿ ಕಸಾಯಿಗಳೂ, ರೈತರೂ, ಏನೂ ತಿಳಿಯದವರೂ ಇದ್ದರು. ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿಯು ಆ ಚೀಟಿಗಳನ್ನು ಪಡೆದು, ಓದಲು ಬಾರದ ಕೆಲವನ್ನು ಬಿಟ್ಟು, ಉಳಿದ 787ನ್ನು ಕ್ರಮವಾಗಿ ಜೋಡಿಸಿ ನೋಡಿದನು. ಸರಿಯಾಗಿ ಮಧ್ಯದಲ್ಲಿ ಬಂದ ಚೀಟಿಯ ಅಂದಾಜು 1,207 ಪೌಂಡು. ನಿಜವಾದ ತೂಕ 1,198 ಪೌಂಡು. ವ್ಯತ್ಯಾಸವು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಈ ಸಂಗತಿಯನ್ನು ಆತನು 1907ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದನು.

ಇದರಲ್ಲಿ ಮಾಯವೇನೂ ಇಲ್ಲ. ಕೆಲವರು ಹೆಚ್ಚಾಗಿ ಹೇಳಿದರು, ಕೆಲವರು ಕಡಿಮೆಯಾಗಿ ಹೇಳಿದರು. ಹೆಚ್ಚು ಕಡಿಮೆಗಳು ಒಂದನ್ನೊಂದು ಸರಿದೂಗಿಸಿದುವು. ಆದರೆ ಹೀಗಾಗಲು ಕೆಲವು ಕಾರಣಗಳಿದ್ದುವು. ಒಬ್ಬೊಬ್ಬರೂ ತಮ್ಮ ಕಣ್ಣಿನಿಂದ ಎತ್ತನ್ನು ನೋಡಿದ್ದರು. ಒಬ್ಬೊಬ್ಬರೂ ತಮ್ಮ ತಮ್ಮ ಚೀಟಿಯನ್ನು ಬೇರೆಯಾಗಿ ಬರೆದಿದ್ದರು. ಬಹುಮಾನದ ಆಶೆಯಿಂದ ನಿಜವಾದ ತೂಕವನ್ನೇ ಹೇಳಲು ಯತ್ನಿಸಿದ್ದರು. ತೂಕವನ್ನು ಬೇಕೆಂದೇ ಏರಿಸಿ ಅಥವಾ ಇಳಿಸಿ ಹೇಳುವುದರಿಂದ ಯಾರಿಗೂ ಲಾಭವಿರಲಿಲ್ಲ.

ಲೆಕ್ಕದಿಂದ ತಿಳಿಯುವ ಸಂಗತಿ

ಒಂದು ಎಲೆಯ ಚಿತ್ರವನ್ನು ನೋಡಿ ಅದಕ್ಕೆ ರೋಗವಿದೆಯೇ ಇಲ್ಲವೇ ಎಂದು ಹೇಳುವ ಕೆಲಸವಿದೆ ಎಂದು ಭಾವಿಸೋಣ. ಹೇಳುವವನ ಉತ್ತರವು ನೂರಕ್ಕೆ 80 ಸಲ ಸರಿಯಾಗಿರುತ್ತದೆ. ಅಷ್ಟೇ ತಿಳಿವಳಿಕೆಯುಳ್ಳ ಮೂವರನ್ನು ಬೇರೆ ಬೇರೆಯಾಗಿ ಕೇಳಿ ಬಹುಮತವನ್ನು ತೆಗೆದುಕೊಂಡರೆ ಉತ್ತರವು ನೂರಕ್ಕೆ ಸುಮಾರು 90 ಸಲ ಸರಿಯಾಗುವುದು. ಐವರನ್ನು ಕೇಳಿದರೆ ಸುಮಾರು 94 ಸಲ ಸರಿಯಾಗುವುದು. ಫ್ರಾನ್ಸ್ ದೇಶದ ಕಾಂಡೋರ್ಸೆಯು 1785ರಲ್ಲಿಯೇ ಈ ಲೆಕ್ಕದ ನಿಯಮವನ್ನು ಪ್ರತಿಪಾದಿಸಿದ್ದನು.

ಆದರೆ ಎರಡನೆಯವನೂ ಮೂರನೆಯವನೂ ಮೊದಲನೆಯವನು ಬರೆದುದನ್ನು ನೋಡಿ ನಕಲು ಮಾಡಿದರೆ, ಮೂವರಲ್ಲ, ಮುನ್ನೂರು ಮಂದಿಯನ್ನು ಕೇಳಿದರೂ ಉತ್ತರವು ನೂರಕ್ಕೆ 80ಕ್ಕಿಂತ ಮೇಲೇರುವುದಿಲ್ಲ. ಇನ್ನು ಹೇಳುವವರು ವಿಷಯವನ್ನೇ ಅರಿಯದೆ ಅರ್ಧಕ್ಕಿಂತ ಹೆಚ್ಚು ಸಲ ತಪ್ಪುವವರಾದರೆ, ಜನರ ಸಂಖ್ಯೆಯು ಹೆಚ್ಚಿದಷ್ಟೂ ಬಹುಮತವು ಇನ್ನೂ ತಪ್ಪಾಗುತ್ತಾ ಹೋಗುವುದು. ಮಣ್ಣಿನಲ್ಲಿ ಸಾರಜನಕವೆಷ್ಟಿದೆಯೆಂದು ಸಾವಿರ ಜನರನ್ನು ಕೇಳುವುದಕ್ಕಿಂತ ಒಂದು ಸೇರು ಮಣ್ಣನ್ನು ಪರೀಕ್ಷಾಶಾಲೆಗೆ ಕಳುಹಿಸುವುದು ಮೇಲು. ಕಣ್ಣಿಗೆ ಕಾಣುವ, ಕೈಗೆ ಸಿಕ್ಕುವ, ಅನುಭವಕ್ಕೆ ಬರುವ ವಿಷಯಗಳಲ್ಲಿ ಮಾತ್ರ ಬಹುಜನರನ್ನು ಕೇಳತಕ್ಕದ್ದು.

ಅಂತರ್ಜಾಲದಲ್ಲಿ ನಡೆದಿರುವ ಕೆಲಸಗಳು

ಆಕಾಶದ ನಕ್ಷತ್ರ ಸಮೂಹಗಳ ಚಿತ್ರಗಳನ್ನು ಅವುಗಳ ಆಕಾರದ ಮೇಲೆ ವಿಂಗಡಿಸುವುದಕ್ಕಾಗಿ 2007ರಲ್ಲಿ ಗ್ಯಾಲಕ್ಸಿ ಝೂ ಎಂಬ ಕಾರ್ಯವು ಆರಂಭವಾಯಿತು. ಚಿತ್ರಗಳ ಸಂಖ್ಯೆಯು ಸುಮಾರು ಒಂಬತ್ತು ಲಕ್ಷ. ಕೆಲವೇ ಖಗೋಳ ಶಾಸ್ತ್ರಜ್ಞರು ಇದನ್ನು ಮುಗಿಸುವುದು ಅಸಾಧ್ಯವಾಗಿದ್ದಿತು. ಚಿತ್ರದಲ್ಲಿರುವುದು ಸುರುಳಿಯ ಆಕಾರವೋ, ಮೊಟ್ಟೆಯ ಆಕಾರವೋ ಎಂಬ ಸುಲಭವಾದ ಪ್ರಶ್ನೆಯನ್ನು ಅಂತರ್ಜಾಲದಲ್ಲಿ ಇಟ್ಟಾಗ, ಮೊದಲನೆಯ ವರ್ಷದಲ್ಲಿಯೇ ಸುಮಾರು ಒಂದೂವರೆ ಲಕ್ಷ ಜನರು ಐದು ಕೋಟಿಗೂ ಮಿಕ್ಕ ಉತ್ತರಗಳನ್ನು ಕೂಲಿಯಿಲ್ಲದೆ ಕೊಟ್ಟರು. ಒಂದೊಂದು ಚಿತ್ರವನ್ನೂ ಹಲವರಿಗೆ ತೋರಿಸಿ ಬಹುಮತವನ್ನು ಹಿಡಿಯಲಾಯಿತು.

ಈ ಕೆಲಸದಲ್ಲಿ ಒಂದು ಎಚ್ಚರಿಕೆಯ ಪಾಠವೂ ದೊರೆಯಿತು. ಸುರುಳಿಗಳು ಬಲಕ್ಕೆ ತಿರುಗಿವೆಯೋ ಎಡಕ್ಕೆ ತಿರುಗಿವೆಯೋ ಎಂದು ಕೇಳಿದಾಗ ಒಂದು ಕಡೆಯ ಸಂಖ್ಯೆಯು ಹೆಚ್ಚಾಗಿ ಬಂದಿತು. ಶಾಸ್ತ್ರಜ್ಞರು ಅವಸರಪಡದೆ, ಕೆಲವು ಚಿತ್ರಗಳನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಮತ್ತೆ ಜನರಿಗೆ ತೋರಿಸಿದರು. ಆಗಲೂ ಅದೇ ಕಡೆಯ ಸಂಖ್ಯೆಯೇ ಹೆಚ್ಚಾಯಿತು. ದೋಷವು ಆಕಾಶದಲ್ಲಿರಲಿಲ್ಲ, ನೋಡುವವರ ಕಣ್ಣಿನಲ್ಲಿದ್ದಿತು. ಎಲ್ಲರೂ ಒಂದೇ ಕಡೆಗೆ ವಾಲಿದ್ದರೆ ಅಂತಹ ತಪ್ಪು ಜನಸಂಖ್ಯೆಯಿಂದ ಅಳಿಯುವುದಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕೂಲಿ ಕೊಟ್ಟು ಮಾಡಿಸುವ ಕ್ರಮವೂ ಉಂಟು. ಅಮೆಜಾನ್ ಕಂಪೆನಿಯವರು 2005ರಲ್ಲಿ ಮೆಕ್ಯಾನಿಕಲ್ ಟರ್ಕ್ ಎಂಬ ಅಂತರ್ಜಾಲದ ಸಂತೆಯನ್ನು ತೆರೆದರು. 1770ರಲ್ಲಿ ಯೂರೋಪಿನಲ್ಲಿ ಕೆಂಪೆಲೆನ್ ಎಂಬುವನು ಚದುರಂಗವಾಡುವ ಒಂದು ಯಂತ್ರವನ್ನು ಮಾಡಿದ್ದನು. ಯಂತ್ರವೇ ಆಡುತ್ತಿದೆಯೆಂದು ಜನರು ಬೆರಗಾಗುತ್ತಿದ್ದರು. ಆದರೆ ಒಳಗೆ ಒಬ್ಬ ಮನುಷ್ಯನು ಅಡಗಿ ಕುಳಿತು ಕಾಯಿಗಳನ್ನು ನಡೆಸುತ್ತಿದ್ದನು. ಆ ಯಂತ್ರದ ಹೆಸರನ್ನೇ ಈ ಸಂತೆಗೆ ಇಡಲಾಗಿದೆ. ಹೆಸರು ತಕ್ಕದ್ದೇ ಆಗಿದೆ; ಏಕೆಂದರೆ ಯಂತ್ರವು ತಾನಾಗಿಯೇ ಮಾಡುತ್ತದೆಂದು ತೋರುವ ಅನೇಕ ಕೆಲಸಗಳ ಹಿಂದೆ ಮನುಷ್ಯರ ದುಡಿಮೆಯು ಅಡಗಿರುತ್ತದೆ. ಚಿತ್ರಗಳನ್ನು ಗುರುತಿಸಲು ಯಂತ್ರಗಳಿಗೆ ಕಲಿಸುವ ಸಲುವಾಗಿ 2009ರಲ್ಲಿ ಪ್ರಕಟವಾದ ಇಮೇಜ್‌ನೆಟ್ ಎಂಬ ಚಿತ್ರ ಸಂಗ್ರಹವು ಇದಕ್ಕೆ ನಿದರ್ಶನವು. ಅದರಲ್ಲಿ ಮುಂದೆ ಸೇರಿದ ಒಂದು ಕೋಟಿ ನಲವತ್ತು ಲಕ್ಷದಷ್ಟು ಚಿತ್ರಗಳಿಗೆ ಹೆಸರು ಹಚ್ಚುವ ಕೆಲಸವನ್ನು ಇದೇ ಸಂತೆಯ ಮೂಲಕ ನಾನಾ ದೇಶಗಳ ಸಾವಿರಾರು ಜನರಿಂದ ಮಾಡಿಸಲಾಯಿತು.

ಬೇಸಾಯಕ್ಕೆ ಇದರಿಂದಾಗುವ ಪ್ರಯೋಜನ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಚುಕಿ ನೋಡಿದರೆ ಸಾಕು. ಮಡಕೆಯ ನೀರೂ ಒಲೆಯ ಉರಿಯೂ ಎಲ್ಲಾ ಅಗುಳಿಗೂ ಒಂದೇ ಆಗಿರುವುದರಿಂದ. ಆದರೆ ಒಂದು ಜಿಲ್ಲೆಯ ಹೊಲಗಳು ಒಂದೇ ಮಡಕೆಯಲ್ಲಿ ಬೆಂದುವಲ್ಲ. ಕೆಂಪು ಮಣ್ಣು, ಎರೆ ಮಣ್ಣು, ಮರಳು ಮಣ್ಣು. ಕೆರೆಯ ಕೆಳಗಿನ ತರಿ, ಮಳೆಯನ್ನೇ ನಂಬಿದ ಖುಷ್ಕಿ. ಹೀಗೆ ಊರಿಂದ ಊರಿಗೆ ಭೇದವಿರುತ್ತದೆ. ಪ್ರಯೋಗ ಕ್ಷೇತ್ರದಲ್ಲಿ ಹುಲುಸಾಗಿ ಬಂದ ತಳಿಯು ರೈತನ ಹೊಲದಲ್ಲಿ ಸೊರಗುವುದನ್ನು ಕಂಡು, "ಇಲಾಖೆಯವರ ಬೀಜ ನಮ್ಮ ಭೂಮಿಗೆ ಒಗ್ಗುವುದಿಲ್ಲ" ಎಂದು ಹೇಳುವವರು ಎಲ್ಲಾ ಊರುಗಳಲ್ಲಿಯೂ ಇದ್ದಾರೆ. ಅವರ ಮಾತು ಕೆಲವು ವೇಳೆ ನಿಜವೂ ಹೌದು.

ಈ ತೊಂದರೆಯನ್ನು ಪರಿಹರಿಸಲು ಟ್ರೈಕಾಟ್ ಎಂಬ ಪರೀಕ್ಷಾ ಕ್ರಮವನ್ನು ಕಲ್ಪಿಸಲಾಗಿದೆ. ಪರೀಕ್ಷಿಸಬೇಕಾದ ತಳಿಗಳು ಹನ್ನೆರಡು ಇವೆಯೆಂದು ಇಟ್ಟುಕೊಳ್ಳೋಣ. ಹನ್ನೆರಡನ್ನೂ ಒಬ್ಬನೇ ರೈತನು ಬಿತ್ತಿ ನೋಡುವುದು ಕಷ್ಟ. ಆದುದರಿಂದ ಒಬ್ಬೊಬ್ಬ ರೈತನಿಗೂ ಮೂರು ತಳಿಗಳ ಸಣ್ಣ ಪೊಟ್ಟಣಗಳನ್ನು ಮಾತ್ರ ಕೊಡುತ್ತಾರೆ. ಪೊಟ್ಟಣಗಳ ಮೇಲೆ ತಳಿಯ ಹೆಸರಿರುವುದಿಲ್ಲ. ಎ, ಬಿ, ಸಿ ಎಂಬ ಗುರುತು ಮಾತ್ರ ಇರುತ್ತದೆ. ರೈತನು ತನ್ನ ಹೊಲದಲ್ಲಿಯೇ, ತನ್ನ ವಾಡಿಕೆಯ ಬೇಸಾಯದಂತೆಯೇ, ಮೂರನ್ನೂ ಪಕ್ಕಪಕ್ಕದಲ್ಲಿ ಬಿತ್ತಿ, ಮೂರಕ್ಕೂ ಸಮನಾಗಿ ಗೊಬ್ಬರ ನೀರುಗಳನ್ನು ಕೊಟ್ಟು ಬೆಳೆಯುತ್ತಾನೆ. ಅನಂತರ ಅವನು ಹೇಳಬೇಕಾದುದು ಎರಡೇ ಮಾತು: ಮೂರರಲ್ಲಿ ಯಾವುದು ಉತ್ತಮ, ಯಾವುದು ಕನಿಷ್ಠ. ಈ ಎರಡು ತಿಳಿದರೆ ನಡುವಿನದು ತಾನಾಗಿಯೇ ತಿಳಿಯುವುದು. ಮೊಳಕೆ, ರೋಗವನ್ನು ತಡೆಯುವ ಶಕ್ತಿ, ಇಳುವರಿ, ರುಚಿ ಮುಂತಾದ ಒಂದೊಂದು ಗುಣಕ್ಕೂ ಹೀಗೆಯೇ ಕೇಳಬಹುದು. ತಕ್ಕಡಿಯಾಗಲಿ ಅಳತೆಯ ಸಾಧನವಾಗಲಿ ಬೇಕಿಲ್ಲ. ಬೇಸಾಯಗಾರನ ಕಣ್ಣು ಸಾಕು.

ಹನ್ನೆರಡು ತಳಿಗಳಿಂದ ಮೂರು ಮೂರರಂತೆ 220 ಬಗೆಯ ಜೊತೆಗಳನ್ನು ಮಾಡಬಹುದು. ಬೇರೆ ಬೇರೆ ರೈತರಿಗೆ ಬೇರೆ ಬೇರೆ ಜೊತೆಗಳು ಹೋಗುತ್ತವೆ. ಕುಸ್ತಿಯ ಕಣದಲ್ಲಿ ಎಲ್ಲಾ ಪೈಲವಾನರೂ ಎಲ್ಲರೊಡನೆಯೂ ಹೋರಾಡದಿದ್ದರೂ, ಯಾರು ಯಾರನ್ನು ಸೋಲಿಸಿದರೆಂಬುದರ ಮೇಲೆ ಅವರ ತರತಮವನ್ನು ನಿರ್ಣಯಿಸುವಂತೆ, ಈ ಉತ್ತರಗಳನ್ನೆಲ್ಲಾ ಕೂಡಿಸಿ ತಳಿಗಳ ತರತಮವನ್ನು ಗಣಿತದಿಂದ ಕಂಡುಹಿಡಿಯುತ್ತಾರೆ. ಆಯಾ ಹೊಲದ ಸ್ಥಳವೂ ಬಿತ್ತಿದ ದಿನವೂ ತಿಳಿದಿರುವುದರಿಂದ, ಅಲ್ಲಿಯ ಮಳೆ ಬಿಸಿಲುಗಳ ಲೆಕ್ಕವನ್ನೂ ಸೇರಿಸಿ, ಯಾವ ಹವೆಗೆ ಯಾವ ತಳಿಯು ಹೊಂದುವುದೆಂದು ಹೇಳಲು ಸಾಧ್ಯವಾಗುತ್ತದೆ. ಪರೀಕ್ಷೆಯು ಮುಗಿದ ಮೇಲೆ ರೈತನಿಗೆ ಪೊಟ್ಟಣಗಳಲ್ಲಿದ್ದ ತಳಿಗಳ ಹೆಸರನ್ನೂ ಫಲಿತಾಂಶವನ್ನೂ ತಿಳಿಸತಕ್ಕದ್ದೆಂಬುದು ಈ ಕ್ರಮದ ಒಂದು ನಿಯಮವು.

ಹೀಗೆ ನಿಕರಾಗುವಾದಲ್ಲಿ ಹುರುಳಿಕಾಯಿಯ ಕಾಳಿನ ಬೆಳೆಯಲ್ಲಿಯೂ, ಇಥಿಯೋಪಿಯಾದಲ್ಲಿ ಮತ್ತು ಭಾರತದಲ್ಲಿ ಗೋಧಿಯಲ್ಲಿಯೂ ನಡೆಸಿದ ಪರೀಕ್ಷೆಗಳ ಫಲಿತಾಂಶವು 2019ರಲ್ಲಿ ಪ್ರಕಟವಾಯಿತು. ಒಟ್ಟು ತಾಕುಗಳು 12,409. ಇವುಗಳಲ್ಲಿ ಹತ್ತು ಸಾವಿರಕ್ಕೂ ಮೇಲ್ಪಟ್ಟವು ಭಾರತದವು. ಇಷ್ಟು ತಾಕುಗಳನ್ನು ಯಾವ ಪ್ರಯೋಗ ಕ್ಷೇತ್ರದವರೂ ತಮ್ಮ ಆಳುಗಳಿಂದ ಬೇಸಾಯ ಮಾಡಿಸಲಾರರು. ಹವೆಯ ಲೆಕ್ಕವನ್ನು ಸೇರಿಸಿ ಮಾಡಿದ ತಳಿಗಳ ಶಿಫಾರಸು ಅಲ್ಲಿಯವರೆಗೆ ರೂಢಿಯಲ್ಲಿದ್ದ ಶಿಫಾರಸಿಗಿಂತ ಮೇಲಾಗಿತ್ತೆಂದು ಇದರಿಂದ ತಿಳಿದುಬಂದಿತು.

ಕೀಟಗಳ ವಿಷಯದಲ್ಲಿಯೂ ಬಹುಜನರ ಕಣ್ಣು ಉಪಯುಕ್ತವು. ಮೆಕ್ಕೆಜೋಳವನ್ನು ತಿನ್ನುವ ಫಾಲ್ ಸೈನಿಕ ಹುಳುವು ಭಾರತದಲ್ಲಿ ಮೊದಲು ಕಾಣಿಸಿಕೊಂಡದ್ದು 2018ರಲ್ಲಿ, ಕರ್ನಾಟಕದಲ್ಲಿಯೇ. ಅಲ್ಪ ಕಾಲದಲ್ಲಿಯೇ ಅದು ಇತರ ರಾಜ್ಯಗಳಿಗೂ ಹರಡಿತು. ಅದೇ ವರ್ಷ ವಿಶ್ವಸಂಸ್ಥೆಯ ಆಹಾರ ಮತ್ತು ವ್ಯವಸಾಯ ಸಂಸ್ಥೆಯವರು ರೈತರೇ ತಮ್ಮ ಹೊಲದಲ್ಲಿ ಕಂಡ ಹುಳುವಿನ ಸಂಖ್ಯೆಯನ್ನು ಮೊಬೈಲಿನಿಂದ ವರದಿ ಮಾಡುವ ಏರ್ಪಾಟನ್ನು ಹೊರತಂದರು. ಚಿಟ್ಟೆಯು ಒಂದು ರಾತ್ರಿಯಲ್ಲಿ ಬಹು ದೂರ ಹಾರುವಂತಹುದು. ಇನ್‌ಸ್ಪೆಕ್ಟರನ ಸಂಚಾರವು ಅದರ ವೇಗಕ್ಕೆ ಸಾಟಿಯಲ್ಲ. ಹುಳುವು ಸುಳಿಯನ್ನು ಹೊಕ್ಕ ಮೇಲೆ ಔಷಧಿ ಹೊಡೆದು ಪ್ರಯೋಜನವು ಸ್ವಲ್ಪವೇ ಆದುದರಿಂದ, ಮೊದಲು ಕಂಡವನು ಮೊದಲ ದಿನವೇ ತಿಳಿಸುವುದರಲ್ಲಿ ನೆರೆಹೊರೆಯವರ ಬೆಳೆಯ ಉಳಿವು ಇದೆ.

ರೋಗದ ಎಲೆಯ ಚಿತ್ರವನ್ನು ನೋಡಿ ರೋಗವನ್ನು ಹೆಸರಿಸುವ ಯಂತ್ರಗಳ ವಿಷಯವನ್ನೂ ಇಲ್ಲಿ ಹೇಳಬೇಕು. 2016ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, 14 ಬೆಳೆಗಳ 26 ರೋಗಗಳಿಗೆ ಸಂಬಂಧಿಸಿದ ಐವತ್ತನಾಲ್ಕು ಸಾವಿರಕ್ಕೂ ಹೆಚ್ಚು ಎಲೆಗಳ ಚಿತ್ರಗಳಿಂದ ಯಂತ್ರಕ್ಕೆ ಕಲಿಸಲಾಯಿತು. ಅದೇ ಬಗೆಯ ಹೊಸ ಚಿತ್ರಗಳನ್ನು ತೋರಿಸಿದಾಗ ಅದು ನೂರಕ್ಕೆ 99ಕ್ಕಿಂತ ಹೆಚ್ಚು ಸರಿಯಾಗಿ ಹೇಳಿತು. ಆದರೆ ಬೇರೆ ಕಡೆ ಬೇರೆ ರೀತಿಯಲ್ಲಿ ತೆಗೆದ ಚಿತ್ರಗಳನ್ನು ತೋರಿಸಿದಾಗ ಅದು ಸರಿಯಾಗಿ ಹೇಳಿದ್ದು ನೂರಕ್ಕೆ ಸುಮಾರು 31 ಮಾತ್ರ. ಒಂದೊಂದು ಎಲೆಯನ್ನೇ ಕಿತ್ತು ಸಮನಾದ ಹಿನ್ನೆಲೆಯ ಮೇಲಿಟ್ಟು ತೆಗೆದ ಚಿತ್ರಗಳಿಂದ ಕಲಿತ ಯಂತ್ರವು, ಬಿಸಿಲು ನೆರಳು ಮಣ್ಣು ಕಳೆಗಳ ನಡುವೆ ನಿಂತ ಗಿಡವನ್ನು ಗುರುತಿಸಲಾರದೆ ಹೋಯಿತು. ಆದುದರಿಂದ ನಮ್ಮ ಹೊಲಗಳ ಚಿತ್ರಗಳು ನಮ್ಮ ಹೊಲಗಳಿಂದಲೇ, ನಮ್ಮ ರೈತರ ಕೈಯಿಂದಲೇ ದೊರೆಯಬೇಕು. ಯಂತ್ರವು ಹೇಳಿತೆಂದು ಮಾತ್ರಕ್ಕೆ ದುಬಾರಿ ಔಷಧಿಯನ್ನು ಕೊಂಡು ಹೊಡೆಯುವುದು ಬುದ್ಧಿವಂತಿಕೆಯಲ್ಲ. ರೈತ ಸಂಪರ್ಕ ಕೇಂದ್ರಕ್ಕೆ ಗಿಡವನ್ನು ಒಯ್ದು ತೋರಿಸತಕ್ಕದ್ದು.

ಬೆಳೆ ಸಮೀಕ್ಷೆಯ ವಿಷಯ

ಹಿಂದಿನ ಕಾಲದಲ್ಲಿ ಪಟೇಲರೂ ಶಾನುಭೋಗರೂ ಹೊಲದ ಮೇಲೆ ಹೋಗಿ ನಿಂತ ಬೆಳೆಯನ್ನು ಕಂಡು ಪಹಣಿಯಲ್ಲಿ ಬರೆಯುತ್ತಿದ್ದರು. ಕರ್ನಾಟಕದಲ್ಲಿ 2020ರ ಮುಂಗಾರಿನಿಂದ ರೈತರು ತಮ್ಮ ಜಮೀನಿನ ಬೆಳೆಯ ವಿವರವನ್ನು ತಾವೇ ಮೊಬೈಲಿನಲ್ಲಿ ಚಿತ್ರ ಸಮೇತ ದಾಖಲು ಮಾಡುವ ಅವಕಾಶವನ್ನು ಸರ್ಕಾರದವರು ಕಲ್ಪಿಸಿದರು. ದಾಖಲಾದುದನ್ನು ಬೆಳೆ ದರ್ಶಕ್ ಎಂಬ ಆ್ಯಪ್‌ನಲ್ಲಿ ನೋಡಿ, ತಪ್ಪಿದ್ದರೆ ಆಕ್ಷೇಪಣೆ ಸಲ್ಲಿಸಲೂ ಏರ್ಪಾಟಾಯಿತು. ಇದೂ ಬಹುಜನರಿಂದ ಅಂಕಿ-ಅಂಶಗಳನ್ನು ಕೂಡಿಸುವ ಕ್ರಮವೇ ಆಗಿದೆ. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಅತಿವೃಷ್ಟಿ ಅನಾವೃಷ್ಟಿಗಳ ಪರಿಹಾರ ಇವೆಲ್ಲವೂ ಈ ದಾಖಲೆಯನ್ನು ಅವಲಂಬಿಸಿರುತ್ತವೆ.

ಎತ್ತಿನ ತೂಕವನ್ನು ಹೇಳುವವರಿಗೆ ಏರಿಸಿ ಇಳಿಸಿ ಹೇಳುವುದರಿಂದ ಲಾಭವಿರಲಿಲ್ಲವೆಂದು ಮೇಲೆ ಹೇಳಿದೆ. ಬೆಳೆಯ ವಿಷಯದಲ್ಲಿ ಹಾಗಲ್ಲ. ತೊಗರಿಯನ್ನು ಬಿತ್ತಿದವನು ನೆರೆಯವನ ಮಾತು ಕೇಳಿ, ಹೆಚ್ಚು ಪರಿಹಾರ ಬರಬಹುದೆಂಬ ಆಶೆಯಿಂದ ಬೇರೊಂದು ಬೆಳೆಯನ್ನು ಬರೆಸಿದನೆಂದು ಇಟ್ಟುಕೊಳ್ಳೋಣ. ಅವನನ್ನು ನೋಡಿ ಇನ್ನು ಹತ್ತು ಜನರು ಹಾಗೆಯೇ ಮಾಡಿದರೆ, ಇವರೆಲ್ಲರ ತಪ್ಪೂ ಒಂದೇ ಕಡೆಗೆ ವಾಲುತ್ತದೆ; ಸರಿದೂಗುವುದಿಲ್ಲ. ತೊಗರಿಯು ಕೊಯ್ಲಿಗೆ ಬಂದು ಬೆಲೆಯು ಕುಸಿದಾಗ, ಖರೀದಿ ಕೇಂದ್ರದಲ್ಲಿ ದಾಖಲೆಯನ್ನು ನೋಡಿದರೆ ಅವನ ಸರ್ವೆ ನಂಬರಿನಲ್ಲಿ ತೊಗರಿಯೇ ಇರುವುದಿಲ್ಲ. ಮೂಟೆಗಳನ್ನು ಹೇರಿಕೊಂಡು ಹೋದ ಗಾಡಿಯು ಹಾಗೆಯೇ ಹಿಂದಿರುಗಬೇಕಾಗುವುದು. ಇದಕ್ಕಿಂತಲೂ ಹೆಚ್ಚಿನ ಅನ್ಯಾಯವೆಂದರೆ, ನಿಜವನ್ನೇ ಬರೆಸಿದ ಬಡ ರೈತನ ಮಾತನ್ನೂ ಅಧಿಕಾರಿಗಳು ಸಂಶಯದಿಂದ ನೋಡುವಂತಾಗುವುದು. ಗ್ರಾಮದ ಮುಖಂಡರು ತಡೆಯಬೇಕಾದ ಕೇಡು ಇದೇ.

ಸುಳ್ಳನ್ನೂ ಅಜಾಗರೂಕತೆಯನ್ನೂ ಕಂಡುಹಿಡಿಯುವ ಕ್ರಮಗಳು

ವರ್ತಕನು ಮೂಟೆಯನ್ನೆಲ್ಲಾ ಸುರಿಯದೆ, ಕಬ್ಬಿಣದ ಕೊಳವೆಯನ್ನು ಅಲ್ಲಲ್ಲಿ ಚುಚ್ಚಿ ಕಾಳನ್ನು ತೆಗೆದು ನೋಡುವಂತೆ, ಸಂಶೋಧಕರೂ ಬಂದ ಉತ್ತರಗಳನ್ನು ಪರೀಕ್ಷಿಸುತ್ತಾರೆ. ಮುಖ್ಯವಾದ ಕ್ರಮಗಳು ಇವು:

(1) ಒಂದೇ ಪ್ರಶ್ನೆಯನ್ನು ಒಬ್ಬರಿಗೊಬ್ಬರಿಗೆ ತಿಳಿಯದಂತೆ ಹಲವರಿಗೆ ಕೊಟ್ಟು, ಉತ್ತರಗಳನ್ನು ಹೋಲಿಸುವುದು.

(2) ಸರಿಯಾದ ಉತ್ತರವು ಮೊದಲೇ ತಿಳಿದಿರುವ ಕೆಲವು ಪ್ರಶ್ನೆಗಳನ್ನು ನಡುನಡುವೆ ಬೆರೆಸಿ, ಅವುಗಳಲ್ಲಿ ತಪ್ಪುವವರ ಕೆಲಸವನ್ನು ಪ್ರತ್ಯೇಕವಾಗಿ ಪರಿಶೀಲಿಸುವುದು.

(3) ಹಿಂದೆ ಸರಿಯಾಗಿ ಉತ್ತರಿಸಿದವರ ಮಾತಿಗೆ ಹೆಚ್ಚಿನ ತೂಕವನ್ನೂ, ತಪ್ಪಿದವರ ಮಾತಿಗೆ ಕಡಿಮೆ ತೂಕವನ್ನೂ ಕೊಡುವುದು.

(4) ಕೆಲವು ಸ್ಥಳಗಳಿಗೆ ನೌಕರರು ಸ್ವತಃ ಹೋಗಿ ತಾಳೆ ನೋಡುವುದು.

ಇತ್ತೀಚೆಗೆ ಮತ್ತೊಂದು ತೊಂದರೆಯು ಸೇರಿಕೊಂಡಿದೆ. ಮನುಷ್ಯರಿಂದ ಉತ್ತರವನ್ನು ಬಯಸಿ ಕೊಟ್ಟ ಕೆಲಸವನ್ನು ಕೆಲವರು ಬರೆಯುವ ಯಂತ್ರಗಳಿಂದ ಮಾಡಿಸಿ ಕಳುಹಿಸುತ್ತಾರೆ. 2023ರಲ್ಲಿ ಸ್ವಿಟ್ಸರ್ಲೆಂಡಿನ ಸಂಶೋಧಕರು ಬರಹವನ್ನು ಸಂಕ್ಷೇಪಿಸುವ ಒಂದು ಸಣ್ಣ ಕೆಲಸವನ್ನು ಅಂತರ್ಜಾಲದ ಕೆಲಸಗಾರರಿಗೆ ಕೊಟ್ಟು ಪರೀಕ್ಷಿಸಿದಾಗ, ನೂರಕ್ಕೆ 33ರಿಂದ 46 ಮಂದಿ ಹೀಗೆ ಮಾಡಿರಬಹುದೆಂದು ಅಂದಾಜಿಗೆ ಬಂದಿತು. ಯಂತ್ರವು ಹೊಲವನ್ನು ಕಂಡಿರುವುದಿಲ್ಲ. ಹೊಲವನ್ನು ಕಂಡವನ ಮಾತಿಗೆ ಈಗ ಮೊದಲಿಗಿಂತಲೂ ಬೆಲೆಯು ಹೆಚ್ಚಾಗಿದೆ.

ಕೂಲಿಯ ವಿಷಯ

ಊರಿನ ಓದಿದ ಯುವಕರೂ ಹೆಣ್ಣುಮಕ್ಕಳೂ ಮನೆಯಲ್ಲಿಯೇ ಕುಳಿತು ಇಂತಹ ಕೆಲಸದಿಂದ ಸಂಪಾದಿಸಬಹುದೇ ಎಂದು ಅನೇಕರು ವಿಚಾರಿಸುತ್ತಾರೆ. ಸಾಧ್ಯವುಂಟು, ಆದರೆ ಕೂಲಿಯ ದರವನ್ನು ತಿಳಿದು ಮುಂದುವರಿಯಬೇಕು. 2018ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಮೆಕ್ಯಾನಿಕಲ್ ಟರ್ಕ್‌ನ 2,676 ಕೆಲಸಗಾರರ ದುಡಿಮೆಯನ್ನು ಲೆಕ್ಕ ಹಾಕಿದಾಗ, ಮಧ್ಯಮ ಗಳಿಕೆಯು ಗಂಟೆಗೆ ಸುಮಾರು ಎರಡು ಡಾಲರು ಮಾತ್ರವಾಗಿತ್ತು. ಕೆಲಸವನ್ನು ಹುಡುಕುವ ಹೊತ್ತು, ತಿರಸ್ಕೃತವಾದ ಕೆಲಸದ ಹೊತ್ತು ಇವಕ್ಕೆ ಕೂಲಿ ಇಲ್ಲದಿರುವುದು ಇದಕ್ಕೆ ಒಂದು ಮುಖ್ಯ ಕಾರಣವು.

ಇದಕ್ಕೆ ಭಿನ್ನವಾದ ಮಾರ್ಗವೂ ಉಂಟು. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆಯವರು ಹಳ್ಳಿಗಾಡಿನ ಜನರಿಂದ ಅವರ ಮಾತೃಭಾಷೆಯ ಮಾತುಗಳನ್ನು ಮೊಬೈಲಿನಲ್ಲಿ ಓದಿಸಿ ಸಂಗ್ರಹಿಸುತ್ತಾರೆ. ಕರ್ನಾಟಕದ ಹಳ್ಳಿಗಳಲ್ಲಿ ಕನ್ನಡದಲ್ಲಿಯೂ ಈ ಕೆಲಸವು ನಡೆದಿದೆ. 2023ರ ವರದಿಗಳ ಪ್ರಕಾರ ಅವರು ಗಂಟೆಗೆ ಸುಮಾರು ಐದು ಡಾಲರಿಗೆ ಸಮನಾದ ಕೂಲಿಯನ್ನು ಕೊಡುತ್ತಿದ್ದುದಲ್ಲದೆ, ಸಂಗ್ರಹವನ್ನು ಮತ್ತೆ ಮಾರಿದಾಗ ಮಾತನಾಡಿದವರಿಗೂ ಒಂದು ಪಾಲು ಸಲ್ಲಬೇಕೆಂಬ ನಿಯಮವನ್ನು ಇಟ್ಟುಕೊಂಡಿದ್ದರು. ಬೆಳೆದವನಿಗೆ ಬೆಳೆಯಲ್ಲಿ ಪಾಲು ಇರಬೇಕೆಂಬ ನ್ಯಾಯವು ಒಕ್ಕಲು ಮಕ್ಕಳಿಗೆ ಹೊಸದಾಗಿ ಹೇಳಬೇಕಾದುದಲ್ಲ. ಕೂಲಿಯಿಲ್ಲದೆ ಸ್ವಸಂತೋಷದಿಂದ ಮಾತುಗಳನ್ನು ದಾನ ಮಾಡಲು ಭಾರತ ಸರ್ಕಾರದ ಭಾಷಿಣಿ ಯೋಜನೆಯವರು ಭಾಷಾ ದಾನ ಎಂಬ ಏರ್ಪಾಟನ್ನು ಮಾಡಿರುತ್ತಾರೆ. ಕಲಬುರಗಿಯ ರೈತನ ಮಾತೂ ಮಂಡ್ಯದ ರೈತನ ಮಾತೂ ಯಂತ್ರಕ್ಕೆ ತಿಳಿಯಬೇಕಾದರೆ ಎರಡು ಸೀಮೆಯವರೂ ಮಾತು ಕೊಡಬೇಕು.

ಮೋಸದ ವಿಷಯದಲ್ಲಿ ಎಚ್ಚರಿಕೆ

ಒಳ್ಳೆಯ ಬೀಜದ ಹೆಸರಿನಲ್ಲಿ ಕಳಪೆ ಬೀಜವನ್ನು ಮಾರುವವರು ಇರುವಂತೆ, ಈ ಕೆಲಸದ ಹೆಸರಿನಲ್ಲಿ ಮೋಸಮಾಡುವವರೂ ಇದ್ದಾರೆ. ಮನೆಯಲ್ಲಿಯೇ ಕೆಲಸ ಕೊಡುವುದಾಗಿ ಹೇಳಿ ಮೊದಲು ಠೇವಣಿಯನ್ನು ಕೇಳುವವನು ಕೂಲಿ ಕೊಡುವವನಲ್ಲ, ಕಸಿದುಕೊಳ್ಳುವವನು. ಮೊಬೈಲಿಗೆ ಬರುವ ಓಟಿಪಿ ಸಂಖ್ಯೆಯನ್ನೂ ಬ್ಯಾಂಕಿನ ಗುಪ್ತ ಸಂಖ್ಯೆಯನ್ನೂ ಯಾವ ಸಮೀಕ್ಷೆಗೂ ಕೊಡತಕ್ಕದ್ದಲ್ಲ. ಹಣ ಹೋಯಿತೆಂದು ತಿಳಿದ ಕೂಡಲೆ, ನಾಚಿಕೆಪಟ್ಟು ತಡಮಾಡದೆ, 1930 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ತಿಳಿಸಬೇಕು.

ಗ್ರಾಮದ ಮುಖಂಡರೂ ಜಮೀನುದಾರರೂ ಮಾಡಬೇಕಾದುವು

(1) ಯಾವ ಸಂಸ್ಥೆಯವರಾದರೂ ಊರಿನ ಅಂಕಿ-ಅಂಶಗಳನ್ನು ಕೇಳಿದಾಗ, ಅವರು ಯಾರು, ಯಾವ ಉದ್ದೇಶಕ್ಕೆ, ಫಲಿತಾಂಶವನ್ನು ಊರಿಗೆ ತಿಳಿಸುವರೇ ಎಂಬ ಮೂರು ಪ್ರಶ್ನೆಗಳನ್ನು ಮೊದಲು ಕೇಳತಕ್ಕದ್ದು.

(2) ಬೆಳೆಯ ವಿವರವನ್ನು ಹೊಲದಲ್ಲಿ ನಿಂತು, ಬೆಳೆಯನ್ನು ನೋಡಿ ದಾಖಲು ಮಾಡತಕ್ಕದ್ದು. ಜಗಲಿಯ ಮೇಲೆ ಕುಳಿತು ನೆರೆಯವನದನ್ನು ನಕಲು ಮಾಡಕೂಡದು. ಅಕ್ಕಡಿ ಸಾಲುಗಳೂ ಮಿಶ್ರ ಬೆಳೆಗಳೂ ಇದ್ದರೆ ಅವನ್ನು ಬಿಡದೆ ಕಾಣಿಸಬೇಕು.

(3) ಮೊಬೈಲ್ ಇಲ್ಲದ ವೃದ್ಧರು, ವಿಧವೆಯರು, ಗುತ್ತಿಗೆ ಅಥವಾ ವಾರದ ಮೇಲೆ ಉಳುವವರು ಇವರ ಹೊಲಗಳು ಲೆಕ್ಕದಿಂದ ಬಿಟ್ಟು ಹೋಗದಂತೆ, ಊರಿನ ಓದಿದ ಹುಡುಗರನ್ನು ಜೊತೆಗೆ ಕಳುಹಿಸಿ ನೆರವಾಗತಕ್ಕದ್ದು. ಕೇಳಲು ಸಿಕ್ಕಿದವರನ್ನು ಮಾತ್ರ ಕೇಳಿದರೆ ಲೆಕ್ಕವು ಉಳ್ಳವರ ಲೆಕ್ಕವಾಗುವುದೇ ಹೊರತು ಊರಿನ ಲೆಕ್ಕವಾಗುವುದಿಲ್ಲ.

(4) ತಳಿ ಪರೀಕ್ಷೆಗೆ ಪೊಟ್ಟಣಗಳು ಬಂದಾಗ ಒಳ್ಳೆಯ ಮೂಲೆಯನ್ನು ಒಂದಕ್ಕೆ, ಚೌಳು ಮೂಲೆಯನ್ನು ಇನ್ನೊಂದಕ್ಕೆ ಕೊಡದೆ, ಮೂರಕ್ಕೂ ಸಮನಾದ ನೆಲವನ್ನು ಒದಗಿಸಬೇಕು. ಕೆಟ್ಟು ಹೋದ ತಾಕನ್ನೂ ಕೆಟ್ಟಿತೆಂದೇ ತಿಳಿಸಬೇಕು. ಚೆನ್ನಾಗಿ ಬಂದುದನ್ನು ಮಾತ್ರ ತಿಳಿಸಿದರೆ ಮುಂದಿನ ವರ್ಷ ಸೋಲುವ ತಳಿಯು ಊರಿನ ಬಿತ್ತನೆಯಾಗುವುದು.

(5) ದಾಖಲೆಯಲ್ಲಿ ತಪ್ಪು ಕಂಡರೆ ವಾಯಿದೆಯೊಳಗೆ ಆಕ್ಷೇಪಣೆಯನ್ನು ಸಲ್ಲಿಸಬೇಕು. ಪರಿಹಾರದ ಪಟ್ಟಿಯು ಹೊರಬಂದ ಮೇಲೆ ಕಚೇರಿಯ ಮುಂದೆ ನಿಂತು ದುಃಖಿಸುವುದರಿಂದ ಫಲವಿಲ್ಲ.

ಎತ್ತಿನ ತೂಕವನ್ನು ಊಹಿಸಿದ ಎಂಟುನೂರು ಜನರಲ್ಲಿ ಯಾರ ಹೆಸರೂ ಇಂದು ತಿಳಿದಿರುವುದಿಲ್ಲ. ಆದರೂ ಒಬ್ಬೊಬ್ಬರೂ ತಮಗೆ ಕಂಡದ್ದನ್ನು ಕಂಡಂತೆ ಬರೆದುದರಿಂದ ಒಂದು ಸತ್ಯವು ಹೊರಬಿದ್ದಿತು. ಹೊಲದ ಬದುವಿನ ಮೇಲೆ ನಿಂತು ರೈತನು ಒತ್ತುವ ಒಂದು ಅಕ್ಷರವೂ ಅಂತಹ ಒಂದು ಚೀಟಿಯೇ. ಅದು ನಿಜವಾಗಿರುವಂತೆ ನೋಡಿಕೊಳ್ಳುವುದರಲ್ಲಿ ಗ್ರಾಮದ ಹಿರಿಯರು ತಮ್ಮ ಪ್ರಭಾವವನ್ನು ಉಪಯೋಗಿಸಿ ನೆರವಾಗುವರೆಂದು ನಿರೀಕ್ಷಿಸಲಾಗಿದೆ.